ಬೆರಳಿಗೆ ಮುಂಗಡ ಮಸಿ

ಬಹಳ ಹಿಂದೆ, ರಾಜರೂ ಓಟು ಕೇಳಿಕೊಂಡು ಬರುತ್ತಿದ್ದ ಕಾಲದಲ್ಲಿ, ಆತುರಾವತಿ ಎಂಬ ಒಂದು ರಾಜ್ಯವಿತ್ತು. ಐದು ವರ್ಷಕ್ಕೊಮ್ಮೆ ಯುಗಾದಿಯ ದಿನ ಅಲ್ಲಿ ಚುನಾವಣೆ, ಗೆದ್ದವನೇ ದೊರೆ. ಶ್ರೀಮನ್ಮಹಾರಾಜ ತ್ವರಿತವರ್ಮರು ನಾಲ್ಕು ಸಲ ಗೆದ್ದಿದ್ದರೂ ಯುಗಾದಿ ಹತ್ತಿರ ಬಂದಂತೆ ಅವರಿಗೆ ಅನ್ನ ಸೇರುತ್ತಿರಲಿಲ್ಲ.

“ಮಹಾಪ್ರಭು, ಜನ ಒಳ್ಳೆಯವರೇ. ಕೊನೆಯ ಹದಿನೈದು ದಿನ ಕೂತು ಯೋಚನೆ ಮಾಡಿ ಕೆಡುತ್ತಾರೆ. ಅದಕ್ಕೂ ಮೊದಲೇ ಓಟು ಹಾಕಿಸಿಬಿಟ್ಟರೆ?” ಎಂದು ಮಹಾಮಂತ್ರಿ ಸಮ್ಮತಾಚಾರ್ಯರು ಬಿನ್ನವಿಸಿದರು.

ಮುಂಗಡ ಮತದಾನ ಯೋಜನೆಯ ಪ್ರಥಮ ಹಂತಕ್ಕೆ ಡಂಗುರ ಹೊಡೆಸಲಾಯಿತು. ಶಾಮಿಯಾನ, ಮಜ್ಜಿಗೆ, ಟೋಕನ್ ಎಲ್ಲ ಸಿದ್ಧವಾಯಿತು.

ಮೊದಲ ಟೋಕನ್ ಪಡೆದವಳು ದೋಣಿ ನಡೆಸುವ ತಿಪ್ಪಕ್ಕ. ಹೊಳೆಯಾಚೆ ಅವಳ ಮಗಳು ತುಂಬಿದ ಬಸುರಿ, ಯುಗಾದಿಗೇ ದಿನ ತುಂಬುವುದಿತ್ತು. ಸೂಲಗಿತ್ತಿ ಇರುವುದು ಈಚೆ, ಇದ್ದೊಂದು ದೋಣಿ ತೂತು. ಶಾಮಿಯಾನದಲ್ಲಿ ದೊರೆಯ ಪಟದ ಪಕ್ಕದಲ್ಲೇ ಹೊಸ ಸೇತುವೆಯ ಪಟ ತೂಗುತ್ತಿತ್ತು. ದಡಕ್ಕೆ ಕಲ್ಲೂ ಬಂದು ಬಿದ್ದಿತ್ತು. ತಿಪ್ಪಕ್ಕ ಚೀಟಿಯನ್ನು ಕಣ್ಣಿಗೊತ್ತಿಕೊಂಡು ದೊರೆಗೇ ಓಟು ಹಾಕಿದಳು. ಮಸಿ ಅಳಿಸದಂತೆ ಬೆರಳೆತ್ತಿಕೊಂಡೇ ಮನೆಗೆ ನಡೆದಳು. ದಾರಿಯಲ್ಲಿ ಸಿಕ್ಕವರಿಗೆಲ್ಲ, “ನಂದಾಯ್ತಪ್ಪ, ನೀವು ಬಿಸ್ಲಲ್ಲಿ ಕ್ಯೂ ನಿಂತ್ಕಳಿ” ಎಂದಳು.

ಮರುವಾರ ಗಾಡಿಗಳು ಬಂದು ಆ ಕಲ್ಲನ್ನೆಲ್ಲ ಹೇರಿಕೊಂಡು ಹೋದವು. ಮುಂಗಡ ಓಟು ಬಿದ್ದ ಮೇಲೆ ಮುಂಗಡ ವಿಜಯಸ್ತಂಭವೂ ಬೇಕಲ್ಲ.

ತಿಪ್ಪಕ್ಕ ಆಸ್ಥಾನಕ್ಕೆ ನುಗ್ಗಿ ಬೆರಳು ಚಾಚಿದಳು. “ಬುದ್ಧೀ, ನನ್ ಓಟು ವಾಪಸ್ ಕೊಟ್ಬುಡಿ. ಯುಗಾದಿಗೆ ಇನ್ನೂ ಹದಿನೆಂಟು ದಿನ ಐತೆ. ಬ್ಯಾರೆಯೋರ್ಗೆ ಹಾಕ್ತೀನಿ.”

ಸಮ್ಮತಾಚಾರ್ಯರು ಕಡತ ತಿರುವಿದರು. “ತಾಯಿ, ನಿಮ್ಮ ಓಟು ಬೇಗ ಬಂದಿದೆ, ಬುದ್ಧಿ ತಡವಾಗಿ ಬಂದಿದೆ. ಎರಡನ್ನೂ ಒಂದೇ ಫೈಲಿಗೆ ಸೇರಿಸಲು ನಿಯಮವಿಲ್ಲ.”

“ಹಂಗಾದ್ರೆ ಕಲ್ಲಾದ್ರೂ ಕೊಡಿ! ನನ್ ಮಗ್ಳು ನಿಮ್ ನಿಯಮ ನೋಡ್ಕಂಡು ಹೆರ್ತಾಳಾ?”

ದೊರೆಯ ಕಣ್ಣು ತುಂಬಿ ಬಂತು. “ಪ್ರಜೆಗಳಿಗೆ ಇಂಥ ಸಂಕಟ ಇನ್ನು ಬರಕೂಡದು. ಓಟು ಹಾಕಿದ ಮೇಲೆ ಪಶ್ಚಾತ್ತಾಪ ಏಕಾಗುತ್ತದೆ, ಆಚಾರ್ಯರೇ?”

“ಹಾಕುವ ಮೊದಲು ಭರವಸೆ ಕೇಳಿರುತ್ತಾರೆ, ಪ್ರಭು.”

“ಹಾಗಾದರೆ ಭರವಸೆಗೂ ಮೊದಲೇ ಹಾಕಿಸಿ!”

“ಆಹಾ, ತ್ರಿಕಾಲಜ್ಞಾನಿ!” ಎಂದು ಸಭೆಯೇ ಎದ್ದು ನಿಂತಿತು. ದ್ವಿತೀಯ ಹಂತದಲ್ಲಿ ಹೆಸರಿಲ್ಲದ ಖಾಲಿ ಚೀಟಿಗೆ ಓಟು. ಹೆಸರನ್ನು ಅರಮನೆಯವರು ಬಿಡುವಾದಾಗ ಬರೆದುಕೊಳ್ಳುತ್ತಿದ್ದರು. ತೃತೀಯ ಹಂತದಲ್ಲಿ, ಹುಟ್ಟಿದ ಕೂಡಲೇ ಬದುಕಿನ ಅಷ್ಟೂ ಓಟು ಒಂದೇ ಸಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಪಠ್ಯಪುಸ್ತಕದಿಂದ ತೆಗೆಸಲಾಯಿತು.

ಯುಗಾದಿ ಬಂತು. ರಾಜ್ಯದಲ್ಲಿ ಮಸಿಯಿಲ್ಲದ ಬೆರಳೇ ಇರಲಿಲ್ಲವಾಗಿ ಮತಗಟ್ಟೆಯ ಅಧಿಕಾರಿ ಒಬ್ಬಟ್ಟು ತಿಂದು ಮಲಗಿದ. ವಿಜಯಸ್ತಂಭದ ಕೆಳಗೆ ತ್ವರಿತವರ್ಮರಿಗೆ ಮುಂದಿನ ಎಂಬತ್ತು ವರ್ಷಗಳ ಹದಿನಾರು ಪಟ್ಟಾಭಿಷೇಕಗಳು ಒಂದರ ಹಿಂದೊಂದು ನಡೆದವು.

ಅದೇ ಹೊತ್ತಿನಲ್ಲಿ, ಸೂಲಗಿತ್ತಿಯ ಬಳಿಗೆ ಕರೆತರುತ್ತಿದ್ದಾಗ ನಡುಹೊಳೆಯಲ್ಲೇ, ತೂತು ದೋಣಿಯಲ್ಲಿ ತಿಪ್ಪಕ್ಕನ ಮಗಳು ಹೆತ್ತಳು. ತಿಪ್ಪಕ್ಕ ಒಂದು ಕೈಯಲ್ಲಿ ಕೂಸು ಹಿಡಿದು ಇನ್ನೊಂದು ಕೈಯಲ್ಲಿ ನೀರು ಮೊಗೆದು ಚೆಲ್ಲುತ್ತ, ದೊರೆಗೂ ತನ್ನ ಬೆರಳಿಗೂ ಶಾಪ ಹಾಕುತ್ತ, ಹೇಗೋ ದಡ ಮುಟ್ಟಿದಳು.

ಸೂಲಗಿತ್ತಿಗಿಂತ ಮೊದಲು ಓಡಿ ಬಂದವರು ಮುಂಗಡ ಮತದಾನ ಇಲಾಖೆಯವರು. ಕೂಸು ಮುಷ್ಟಿ ಬಿಡಲೊಲ್ಲದು. ಇಬ್ಬರು ಸೇರಿ ಬೆರಳು ಬಿಡಿಸಿ ಮಸಿ ಹಚ್ಚಿದರು. ಹೊಳೆಯಾಚೆಗೂ ಕೇಳುವಂತೆ ಕೂಸು ಕಿರುಚಿಕೊಂಡಿತು.

‘ಮತದಾರರಿಂದ ಹರ್ಷೋದ್ಗಾರ’ ಎಂದು ಅಧಿಕಾರಿ ಬರೆದುಕೊಂಡ.