ಅತ್ತೆಯ ಮಂಗಳ

ನನ್ನ ಅತ್ತೆಗೆ, ಅಂದರೆ ನನ್ನಪ್ಪನ ತಂಗಿಗೆ, ಮಂಗಳ ಗ್ರಹದಲ್ಲಿ ಹೊಲವಿದೆ ಎಂದು ನೇಸರಗಿಯ ಅರ್ಧ ಊರು ನಂಬಿದೆ. ಉಳಿದರ್ಧ ಊರಿಗೆ ಆ ಹೊಲದ ಉತಾರ ಯಾರ ಹೆಸರಿನಲ್ಲಿದೆ ಎಂಬುದಷ್ಟೇ ಅನುಮಾನ. ಊರವರನ್ನು ದೂರಿ ಏನು ಪ್ರಯೋಜನ? ಬಸ್‌ಸ್ಟ್ಯಾಂಡಿನಲ್ಲಿ ಎದುರಾದವರು ವಾಡಿಕೆಯಂತೆ ಈ ಸಲ ಮಳೆ ಹೇಗೆ ಎಂದು ಕೇಳಿದರೆ, "ಇಲ್ಲಿ ಅಡ್ಡಿಯಿಲ್ಲ, ಅಲ್ಲಿ ಇನ್ನೂ ಬಿದ್ದಿಲ್ಲ" ಎಂದು ಆಕಾಶದ ಕಡೆ ಬೆರಳು ತೋರಿಸುವವಳ ಬಗ್ಗೆ ಜನ ಇನ್ನೇನು ತಿಳಿದುಕೊಳ್ಳಬೇಕು?

ಅತ್ತೆಗೆ ಅರವತ್ತು ದಾಟಿದೆ. ಎತ್ತರದ ಆಳು, ದೊಡ್ಡ ದನಿ, ಸೆರಗು ಯಾವಾಗಲೂ ಸೊಂಟಕ್ಕೆ ಸಿಕ್ಕಿಸಿಯೇ ಇರುತ್ತದೆ. ಮದುವೆಯಾಗಿಲ್ಲ. ನನ್ನಪ್ಪ ಮಾಸ್ತರಿಕೆ ಮಾಡುತ್ತ ಊರೂರು ತಿರುಗುವಾಗ ಮನೆತನದ ಹೊಲ ನೋಡಿಕೊಂಡವಳು ಇವಳೇ. ಹೊಲದ ಮೋಹಕ್ಕೆ ಬಿದ್ದು ಮದುವೆ ಒಲ್ಲೆ ಎಂದಳಂತೆ ಎಂದು ನಾವೆಲ್ಲ ಚಿಕ್ಕಂದಿನಿಂದ ಕೇಳಿಕೊಂಡು ಬಂದವರು. ನಂಬುವುದು ಕಷ್ಟವೂ ಆಗಿರಲಿಲ್ಲ. ಮನೆಗೆ ಹೊಸಬರು ಬಂದರೆ ಅವರ ಮುಖ ನೋಡುವ ಮೊದಲು ಚಪ್ಪಲಿಗೆ ಹತ್ತಿದ ಮಣ್ಣು ನೋಡುವ ಹೆಂಗಸು ಅವಳು. ಅಡುಗೆಮನೆಗೆ ಬಂದು, "ಕರಿ ಎರಿ ಮಣ್ಣಿನ ಮಂದಿ. ಹತ್ತಿದ್ರ ಲಗೂನ ಬಿಡೂದಿಲ್ಲ, ಚಹಾ ಜಾಸ್ತಿ ಇಡು" ಎಂದು ನನ್ನ ಹೆಂಡತಿಗೆ ಸೂಚನೆ ಕೊಡುತ್ತಾಳೆ. ಅವಳ ಅಂದಾಜು ತಪ್ಪಿದ್ದನ್ನು ನಾನು ಕಂಡಿಲ್ಲ.

ಮಂಗಳ ಗ್ರಹ ನಮ್ಮ ಮನೆ ಹೊಕ್ಕಿದ್ದು ನನ್ನ ಮೂಲಕವೇ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ಬೈಲಹೊಂಗಲದಿಂದ ಕೆಲಸ ಮುಗಿಸಿ ಬಂದು ಕಟ್ಟೆಯ ಮೇಲೆ ಕುಳಿತು ಫೋನಿನಲ್ಲಿ ಚಿತ್ರ ನೋಡುತ್ತಿದ್ದೆ. ಆರು ಗಾಲಿಯ ಯಂತ್ರವೊಂದು ಮಂಗಳನ ಕೆಂಪು ನೆಲದ ಮೇಲೆ ಓಡಾಡಿ ತೆಗೆದು ಕಳಿಸಿದ ಚಿತ್ರ. ಅತ್ತೆ ಹಿಂದಿನಿಂದ ಬಗ್ಗಿ ನೋಡಿ, ಇದು ರಾಮದುರ್ಗದ ಕಡೆಯದು, ಗುಡ್ಡದ ಆಚೆ ಬದಿ ಎಂದು ತೀರ್ಪು ಕೊಟ್ಟಳು. ಅಲ್ಲ, ಇದು ಮಂಗಳ ಎಂದೆ.

"ಮಂಗಳ ಅಂದ್ರ, ಆ ಮಂಗಳನ?"

ಹೌದೆಂದೆ. ಅತ್ತೆ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು. ತಂದಿಟ್ಟ ಚಹಾ ಆರಿ ಮೇಲೆ ಕೆನೆ ಕಟ್ಟಿತು, ಫೋನು ಮಾತ್ರ ಕೆಳಗಿಳಿಯಲಿಲ್ಲ. ಕೊನೆಗೊಮ್ಮೆ ಬಾಯಿ ಬಿಟ್ಟು, "ಕೆಂಪ ಮಸಾರಿ ಭೂಮಿ ತಮ್ಮಾ. ಕಲ್ಲ ಆರಿಸಿ ತಗದ್ರ ಶೇಂಗಾಕ್ಕ ಚೊಲೋ ಐತಿ" ಎಂದಳು. ಅಲ್ಲಿ ಒಂದಾನೊಂದು ಕಾಲದಲ್ಲಿ ನದಿ ಹರಿಯುತ್ತಿತ್ತಂತೆ, ಆಮೇಲೆ ಬತ್ತಿತಂತೆ, ನದಿ ಇದ್ದಲ್ಲಿ ಜೀವವೂ ಇದ್ದಿರಬಹುದೇ ಎಂದು ಹುಡುಕುತ್ತಿದ್ದಾರೆ ಎಂದು ನಾನು ನನಗೆ ತಿಳಿದಷ್ಟು ಹೇಳಿದೆ. ಅವಳಿಗೆ ನದಿ ಬತ್ತಿದ ಸಂಗತಿ ಬಹಳ ಹಿಡಿಸಿತು. ಬೇಸಿಗೆಯಲ್ಲಿ ಮಲಪ್ರಭೆಯ ಪಾತ್ರದೊಳಗೆ ನಡೆದಾಡಿದವಳಲ್ಲವೇ? ಹೊಳೆ ಹೋದ ಮೇಲೂ ದಂಡೆ ಹೊಳೆಯನ್ನು ಮರೆಯುವುದಿಲ್ಲ, ಅದರ ಬಾಗು ಬಳುಕು ಎಲ್ಲ ಹಾಗೇ ಇಟ್ಟುಕೊಂಡಿರುತ್ತದೆ ಎಂದು ಏನೋ ಕನಸು ಕಂಡವಳಂತೆ ಹೇಳಿ, ತಣ್ಣಗಾದ ಚಹಾ ಕುಡಿದು ಒಳಗೆ ಹೋದಳು.

ಮರುದಿನದಿಂದ ಶುರುವಾಯಿತು. ಹೊತ್ತು ಮುಳುಗಿತೆಂದರೆ ಅತ್ತೆ ಮಾಳಿಗೆ ಹತ್ತುವಳು. ಮಂಗಳವನ್ನು ತಾನೇ ಕಂಡುಹಿಡಿದೆ ಎಂದು ನಾಲ್ಕಾರು ದಿನಗಳಲ್ಲಿ ಸಾರಿದಳು. ಊರ ಅಂಚಿನಲ್ಲಿ, ಬೆಳವಲದ ಕಡೆ, ಕೆಂಪಗೆ ದೊಡ್ಡದಾಗಿ ಕಾಣುತ್ತದಂತೆ. ಅಷ್ಟೇ ಅಲ್ಲ, ಕಣ್ಣು ಮುಚ್ಚಿ ತೆರೆಯುತ್ತದಂತೆ! ಅದು ಏನನ್ನೋ ಹೇಳುತ್ತಿದೆ, ನಮಗೇ ತಿಳಿಯುತ್ತಿಲ್ಲ ಎಂಬುದು ಅವಳ ವಾದ. ಅಕ್ಕಪಕ್ಕದ ಹೆಂಗಸರು ಬಂದು ನೋಡಿ ಕೈ ಮುಗಿದು ಹೋದರು. ನಾನು ಮೇಲೆ ಹೋಗಿ ನೋಡಿದರೆ ಅದು ಹೊಸದಾಗಿ ನಿಲ್ಲಿಸಿದ ಮೊಬೈಲ್ ಟವರಿನ ತುದಿಯ ದೀಪ. ಹೇಗೆ ಹೇಳಲಿ? ಹಿಂದೆಮುಂದೆ ನೋಡುತ್ತ ನಿಂತಿರುವಾಗಲೇ ಕರೆಂಟು ಹೋಯಿತು. ಊರಿನ ಜೊತೆ ಮಂಗಳವೂ ಆರಿತು!

ಅತ್ತೆ ಸ್ವಲ್ಪ ಹೊತ್ತು ಕತ್ತಲೆಯನ್ನು ನೋಡಿದಳು.

"ಅಂವಗೂ ನಮ್ಮ ಲೈನಿನ್ಯಾಗ ಕೊಟ್ಟಾರ ಅನ್ನು" ಎಂದಳು.

ಆ ಕತ್ತಲೆಯಲ್ಲೇ ನಾನು ಅವಳಿಗೆ ನಿಜವಾದ ಮಂಗಳವನ್ನು ತೋರಿಸಿದೆ. ಮಿನುಗದ, ಸಣ್ಣ, ಕೆಂಡ ತಣ್ಣಗಾಗುವಾಗಿನ ಬಣ್ಣದ ಚುಕ್ಕೆ. ಇಷ್ಟೇನಾ ಎಂದು ಮುಖ ಮಾಡುತ್ತಾಳೆ ಅಂದುಕೊಂಡಿದ್ದೆ. ಅತ್ತೆ ಅಲ್ಲೇ ಕುಳಿತು ಮುಖ ಮೇಲೆ ಮಾಡಿದಳು. ಕೆಳಗೆ ಯಾರದೋ ಹಿತ್ತಲಿನಿಂದ ಜೋಳದ ಮೇವಿನ ವಾಸನೆ ಬರುತ್ತಿತ್ತು. ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರು ದೂರದಲ್ಲೆಲ್ಲೋ ಹಾಡು ಹಾಕಿಕೊಂಡು ಹೋಗುತ್ತಿತ್ತು. ಗಾಳಿಗೆ ನನಗೆ ಜೊಂಪು ಹತ್ತಿತು. ಅರೆನಿದ್ದೆಯಲ್ಲಿ ಆ ಕೆಂಪು ನೆಲದ ಮೇಲೆ ನಮ್ಮ ಅತ್ತೆ ಸೆರಗು ಸಿಕ್ಕಿಸಿ ಕಲ್ಲು ಆರಿಸುತ್ತಿರುವಂತೆಯೂ, ಒಣಗಿದ ಹೊಳೆಯ ದಂಡೆಗೆ ಕುಳಿತು ಬುತ್ತಿ ಬಿಚ್ಚುತ್ತಿರುವಂತೆಯೂ ಕಾಣಿಸಿತು. ಎಚ್ಚರಾದಾಗ ಅತ್ತೆ ಇನ್ನೂ ಹಾಗೆಯೇ ಮುಖ ಮೇಲೆ ಮಾಡಿ ಕುಳಿತಿದ್ದಳು.

ಆಮೇಲೆ ಬಂತು ನೋಡಿ ಚುಕ್ಕೆಯ ಕಲ್ಲಿನ ಸುದ್ದಿ. ಮಂಗಳನ ಒಂದು ಬಂಡೆಯ ಮೇಲೆ ಚಿರತೆಯ ಮೈಯ ಹಾಗೆ ಚುಕ್ಕೆಗಳು ಕಂಡಿವೆ, ಅವು ಎಂದೋ ಅಲ್ಲಿ ಬದುಕಿದ್ದ ಸೂಕ್ಷ್ಮಜೀವಿಗಳ ಗುರುತೂ ಆಗಿರಬಹುದು ಎಂದು ವಿಜ್ಞಾನಿಗಳು ಹೇಳಿದ್ದನ್ನು ನಾನು ಓದಿ ಹೇಳಿದೆ. ಓದಬಾರದಿತ್ತು! ಆ ರವಿವಾರ ಬೆಳಿಗ್ಗೆ ಅತ್ತೆ ರೊಟ್ಟಿ ಬುತ್ತಿ ಕಟ್ಟಿಕೊಂಡು ನನ್ನ ಕಾರಿನಲ್ಲಿ ಕುಳಿತೇ ಇದ್ದಳು. ಅಂಥ ಕಲ್ಲು ನಮ್ಮ ಕಡೆಯೂ ಇದೆ, ನೋಡಿ ಬರಬೇಕಂತೆ. ಸವದತ್ತಿ ದಾಟಿ ರಾಮದುರ್ಗದ ಕಡೆ ಹೋಗುವಾಗ ಗುಡ್ಡ ಕಂಡಲ್ಲೆಲ್ಲ ಕಾರು ನಿಲ್ಲಿಸಬೇಕಾಯಿತು. ಒಂದು ಕಡೆ ಅವಳು ಕೆಂಪು ಬಂಡೆಯ ಮುಂದೆ ಮೊಣಕಾಲೂರಿ, ತಂಬಿಗೆಯ ನೀರು ಸುರಿದು, ಭೂತಗನ್ನಡಿ ಹಿಡಿದು ನೋಡತೊಡಗಿದಳು. ಕುರಿ ಮೇಯಿಸುತ್ತಿದ್ದವನೊಬ್ಬ ಹತ್ತಿರ ಬಂದು ಏನು ಕಳೆದುಕೊಂಡಿರಿ ಎಂದು ಕೇಳಿದ. ಅತ್ತೆ ಅವನನ್ನು ನೆರಳಿಗೆ ಕೂರಿಸಿ, ಮಂಗಳನ ಕಥೆಯನ್ನು ನದಿಯಿಂದ ಹಿಡಿದು ಚುಕ್ಕೆಯವರೆಗೆ ಪೂರಾ ಹೇಳಿದಳು. ಅವನು ಕೋಲಿಗೆ ಗದ್ದ ಊರಿ ಕೇಳಿ, ಬಹಳ ಯೋಚಿಸಿ, ಒಂದೇ ಪ್ರಶ್ನೆ ಕೇಳಿದ.

"ಅಲ್ಲಿ ತೋಳ ಅದಾವೇನ್ರಿ?"

"ಹುಳಾನ ಇನ್ನೂ ಸಿಕ್ಕಿಲ್ಲ. ತೋಳ ಎಲ್ಲಿಂದ ತರೂಣು?"

"ಹಂಗಾದ್ರ ಕುರೀಗೆ ಚೊಲೋ ಜಾಗಾ ಬಿಡ್ರಿ" ಎಂದು ಅವನು ಎದ್ದು ಹೋದ.

ಅಲ್ಲಿಂದ ತಂದ ಚುಕ್ಕೆಯ ಕಲ್ಲೊಂದು ನಮ್ಮ ಹಿತ್ತಲಿನಲ್ಲಿ ತುಳಸಿಕಟ್ಟೆಯ ಪಕ್ಕ ಜಾಗ ಹಿಡಿಯಿತು. ಅತ್ತೆ ದಿನವೂ ತುಳಸಿಗೊಂದು ತಂಬಿಗೆ, ಕಲ್ಲಿಗೊಂದು ತಂಬಿಗೆ ನೀರು ಹಾಕುವಳು. ಮಳೆಗಾಲ ಬರುವಷ್ಟರಲ್ಲಿ ಕಲ್ಲಿನ ಮೇಲೆ ತೆಳುವಾಗಿ ಹಸಿರು ಮೂಡಿತು. ಅತ್ತೆ ಮನೆಮಂದಿಯನ್ನೆಲ್ಲ ಕರೆದು ತೋರಿಸಿದಳು. ಇದು ಕಲ್ಲಿನದಲ್ಲ, ನಮ್ಮ ನೀರಿನ ಟಾಕಿಯ ಪಾಚಿ ಎಂದು ನಾನು ಜಾಣತನ ತೋರಿಸಿದೆ. ನೀರು ಯಾರದಾದರೇನು, ಇರಲು ಜಾಗ ಕೊಟ್ಟಿದ್ದು ಕಲ್ಲೇ ತಾನೇ ಎಂದು ಅತ್ತೆ ನನ್ನನ್ನು ಮೂರ್ಖನಂತೆ ನೋಡಿದಳು.

ಇಂಥ ಅತ್ತೆಯನ್ನು ಮನೆಯಲ್ಲಿಟ್ಟುಕೊಂಡು ಮಗಳ ಮದುವೆ ಮಾತುಕತೆ ನಡೆಸುವುದಿದೆಯಲ್ಲ, ಅದರ ಎದೆಗುದಿ ಅನುಭವಿಸಿದವರಿಗೇ ಗೊತ್ತು. ನನ್ನ ಮಗಳು ಬೈಲಹೊಂಗಲದಲ್ಲಿ ಟೀಚರು. ಹುಡುಗ ಕಿತ್ತೂರಿನ ಕಡೆ ದನದ ಡಾಕ್ಟರು, ಎಂ.ಕೆ. ಹುಬ್ಬಳ್ಳಿಯ ಕಬ್ಬು ಬೆಳೆಯುವ ಮನೆತನದವನು. ಒಮ್ಮೆ ಬಂದು ನೋಡಿ ಹೋಗಿದ್ದರು. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು; ಒಪ್ಪಿದ್ದಷ್ಟೇ ಅಲ್ಲ, ಆಗಲೇ ಫೋನಿನಲ್ಲಿ ನಗುವುದೂ ಶುರುವಾಗಿತ್ತು. ಎರಡನೇ ಸಲ ಹಿರಿಯರು ಮಾತು ಮುಗಿಸಲು ಬರುವ ದಿನ, ನನ್ನ ಹೆಂಡತಿ ಅತ್ತೆಯ ಕೈ ಹಿಡಿದು, ಇವತ್ತೊಂದು ದಿನ ಮಂಗಳದ ಸುದ್ದಿ ತೆಗೆಯಬೇಡ ಎಂದು ಬೇಡಿಕೊಂಡಳು. ಅತ್ತೆ ನನ್ನ ಮಗಳ ತಲೆ ಮುಟ್ಟಿ ಮಾತು ಕೊಟ್ಟಳು. ಬಂದವರ ಚಪ್ಪಲಿಯನ್ನೂ ನೋಡಲಿಲ್ಲ ಅಂದಮೇಲೆ ಅವಳು ಎಷ್ಟು ಕಷ್ಟಪಡುತ್ತಿದ್ದಳೆಂದು ಊಹಿಸಿಕೊಳ್ಳಿ!

ಆದರೆ ಮಂಗಳದ ಮಾತೆತ್ತಿದ್ದು ಅವರೇ.

ಅವಲಕ್ಕಿ ತಿಂದು ಕೈ ತೊಳೆದ ಮೇಲೆ ಹುಡುಗನ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. ಹುಡುಗಿಯ ಜಾತಕ ನಮ್ಮಲ್ಲಿ ಇರಲಿಲ್ಲ. ಅವಳು ಹುಟ್ಟಿದಾಗ ಬರೆಸುವುದೇ ಬೇಡವೆಂದು ಹಟ ಹಿಡಿದವಳು ಅತ್ತೆ. ಹಾಗಾಗಿ ಅವರೇ ಹುಟ್ಟಿದ ವೇಳೆ ಕೇಳಿಕೊಂಡು ಹೋಗಿ ತೋರಿಸಿದ್ದರು. "ಹುಡಗೀಗೆ ಮಂಗಳ ಐತಂತ್ರಿ" ಎಂದರು ದೊಡ್ಡಪ್ಪ. ಅಂಥ ಹುಡುಗಿಯಿಂದ ಗಂಡನ ಜೀವಕ್ಕೆ ಅಪಾಯವಂತೆ. ಅದಕ್ಕೆ ಪರಿಹಾರವೂ ಇದೆಯಂತೆ, ಮೊದಲು ಬಾಳೆಗಿಡದ ಜೊತೆ ಮದುವೆ ಮಾಡಿ ಆಮೇಲೆ ಹುಡುಗನ ಜೊತೆ ಮಾಡಬಹುದಂತೆ. ಆದರೂ ಮನೆಯವರಿಗೆ ಅಳುಕು ಇದೆಯಂತೆ. ಒಳಬಾಗಿಲಿನಲ್ಲಿ ನಿಂತಿದ್ದ ಮಗಳ ಮುಖ ಸಣ್ಣದಾಯಿತು. ನನ್ನ ಹೆಂಡತಿ ಅತ್ತೆಯನ್ನು ನೋಡಿದಳು. ಕೊಟ್ಟ ಮಾತಿನಿಂದ ಅವಳನ್ನು ಬಿಡುಗಡೆ ಮಾಡಿದ ನೋಟ ಅದು.

ಅತ್ತೆ ತಟ್ಟೆ ಕೆಳಗಿಟ್ಟಳು.

"ಯಾವ ಮನ್ಯಾಗ ಐತಂತ್ರಿ?"

"ಏಳನೇ ಮನ್ಯಾಗ."

"ನಂದೂ ಏಳನೇದ್ರಾಗ ಐತ್ರಿ" ಎಂದಳು ಅತ್ತೆ, ಬಹಳ ದಿನಗಳ ಮೇಲೆ ತನ್ನೂರಿನವರು ಸಿಕ್ಕಂತೆ.

ನಾವೆಲ್ಲ ಅವಳ ಮುಖ ನೋಡಿದೆವು. ಅತ್ತೆ ತನ್ನ ದೊಡ್ಡ ದನಿಯನ್ನು ಅರ್ಧಕ್ಕಿಳಿಸಿ ಹೇಳಿದಳು. ಅವಳಿಗೂ ವರ ಬರುತ್ತಿದ್ದವು, ಜಾತಕ ನೋಡಿ ಹೋಗುತ್ತಿದ್ದವು. ಚಚಡಿಯ ಕಡೆಯ ಒಬ್ಬರಂತೂ ಮನಸಾರೆ ಒಪ್ಪಿ, ಹಬ್ಬಕ್ಕೆ ಸೀರೆಯನ್ನೂ ಕಳಿಸಿದ್ದರು. ಅವರ ತಾಯಿ ಹೆದರಿ ಅಳುತ್ತ ಕುಳಿತರು. ತಾಯಿಯ ಕಣ್ಣೀರು ನೋಡಲಾರದೆ ಅವರು ಬೇರೆ ಕಡೆ ಮದುವೆಯಾದರು. ಹೊಲದ ಮೋಹ, ಒಲ್ಲೆ ಎಂದದ್ದು, ಎಲ್ಲ ಆಮೇಲೆ ನನ್ನಪ್ಪ ನಾಲ್ಕು ಜನರಿಗೆ ಹೇಳಲೆಂದು ಕಟ್ಟಿದ ಮಾತು.

"ಅವರೀಗ ಮೊಮ್ಮಕ್ಕಳ ಕಂಡಾರ, ಚೊಲೋ ಅದಾರ. ನಾನೂ ಚೊಲೋ ಅದೇನಿ. ಮಂಗಳನೂ ಮ್ಯಾಲ ತನ್ನ ಪಾಡಿಗೆ ತಾ ಚೊಲೋ ಅದಾನ. ಯಾರಿಗೂ ಏನೂ ಆಗಲಿಲ್ರಿ. ಮದವಿ ಒಂದ ಆಗಲಿಲ್ಲ."

ಮೂಲೆಯಲ್ಲಿ ಎಲೆಯಡಿಕೆ ಹಾಕಿಕೊಂಡು ಕುಳಿತಿದ್ದ ಹುಡುಗನ ಅಜ್ಜಿ ಮೆಲ್ಲುವುದನ್ನು ನಿಲ್ಲಿಸಿ ಅತ್ತೆಯನ್ನೇ ನೋಡುತ್ತಿದ್ದರು. ಹೊರಡುವಾಗ ಅತ್ತೆಯ ಹೆಗಲು ಹಿಡಿದುಕೊಂಡು ಮೆಟ್ಟಿಲಿಳಿದರು. ಮದುವೆಯ ಮಾತು ಅಲ್ಲಿಗೇ ನಿಂತಿತು. ಮುಂದಿನ ದಿನಗಳು ನಮ್ಮ ಮನೆಯಲ್ಲಿ ಹೇಗೆ ಕಳೆದವೆಂದು ಕೇಳಬೇಡಿ. ಮಗಳು ಫೋನನ್ನು ದಿಂಬಿನ ಕೆಳಗಿಟ್ಟು ಸಾಲೆಗೆ ಹೋಗುತ್ತಿದ್ದಳು.

ಆ ವಾರ ಮುಗಿಯುವುದರೊಳಗೆ ಅಜ್ಜಿಯೇ ಫೋನು ಮಾಡಿಸಿದರು. "ಬಾಳಿಗಿಡದ ಮದವಿ ಗಿದವಿ ಏನೂ ಬ್ಯಾಡ್ರಿ. ಬಾಳಿ ಎಲಿ ಊಟಕ್ಕಷ್ಟ ಇರಲಿ. ನೀವು ಮದವಿ ದಿನಾ ಗೊತ್ತ ಮಾಡ್ರಿ" ಎಂದರು. ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಸಕ್ಕರೆ ಹಂಚಲು ಓಡಿದಳು. ಮಗಳು ಎಲ್ಲೆಲ್ಲೋ ಅತ್ತೆಯನ್ನು ಹುಡುಕಿದಳು. ಅತ್ತೆ ಮಾಳಿಗೆಯ ಮೇಲಿದ್ದಳು.

ಹೊತ್ತು ಆಗಷ್ಟೇ ಮುಳುಗಿತ್ತು. ನಾನೂ ಹೋಗಿ ಪಕ್ಕದಲ್ಲಿ ಕುಳಿತೆ. ತಡೆಯಲಾರದೆ ಕೇಳಿದೆ, ಬದುಕನ್ನೇ ಹಾಳು ಮಾಡಿದ ಆ ಗ್ರಹದ ಮೇಲೆ ಸಿಟ್ಟು ಬರುವುದಿಲ್ಲವೇ, ಅದರ ಸುದ್ದಿಯನ್ನು ಅಷ್ಟು ಹಂಬಲಿಸಿ ಯಾಕೆ ಕೇಳುತ್ತೀ ಎಂದು.

ಅತ್ತೆ ಆಕಾಶದಿಂದ ಕಣ್ಣು ತೆಗೆಯಲಿಲ್ಲ.

"ಅಂವ ಏನ ಮಾಡಿದ್ನೋ ತಮ್ಮಾ? ನನ್ನ ಜೋಡಿ ಅಂವನ್ನೂ ಎಲ್ಲಾರೂ ಬೈದ್ರು. ಜೀವಾ ತಿಂತಾನ ಅಂದ್ರು. ಅಲ್ಲಿ ಒಂದ ಸಣ್ಣ ಹುಳಾ ಇತ್ತಂತ ಗೊತ್ತಾದ್ರ ಸಾಕು. ಅಂವನೂ ಒಂದ ಕಾಲಕ್ಕ ಜೀವಾ ಸಾಕಿದ್ದ ಅಂತ ಆಗತೈತಿ."

ಆಮೇಲೆ, ಏನಾದರೂ ಹೊಸ ಸುದ್ದಿ ಬಂದಿದೆಯೇ ನೋಡು ಎಂದಳು. ನಾನು ಫೋನು ತೆರೆದು ಹುಡುಕಿದೆ. ಖಾತ್ರಿ ಇನ್ನೂ ಆಗಿರಲಿಲ್ಲ. ಆ ಕಲ್ಲಿನ ಚೂರು ಭೂಮಿಗೆ ಬಂದ ಮೇಲೆಯೇ ಗೊತ್ತಾಗುವುದು, ಅದಕ್ಕೆ ಎಷ್ಟು ವರ್ಷ ಬೇಕೋ ಯಾರೂ ಹೇಳಲಾರರು ಎಂದಿತ್ತು. ಹಾಗೆಯೇ ಓದಿ ಹೇಳಿದೆ.

"ಬರಲಿ ಬಿಡು, ಕಾಯೂಣು" ಎಂದಳು ಅತ್ತೆ. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ, ತಲೆಯ ತುಂಬ ಹೊದ್ದುಕೊಂಡು, ಆ ಸಣ್ಣ ಕೆಂಪು ಚುಕ್ಕೆ ಮೂಡುವ ದಿಕ್ಕಿಗೆ ಮುಖ ಮಾಡಿ ಕುಳಿತಳು.