ಹಾಲುವಾಣದ ಕೊಂಬೆಯೂ ಗೇರ್ ಸೈಕಲ್ಲೂ

ನಮ್ಮ ಕಾಫಿ ಗುಡ್ಡಗಳಲ್ಲಿ ಮೌಂಟನ್ ಬೈಕಿಂಗ್ ಶುರು ಮಾಡಿದವನು ಪ್ರಸನ್ನ ಎಂದು ಮೂಡಿಗೆರೆಯಿಂದ ಕಳಸದವರೆಗೆ ಎಲ್ಲರೂ ಹೇಳುತ್ತಾರೆ. ಎಲ್ಲರೂ ಒಂದೇ ಮಾತು ಹೇಳಿದರೆ ನನಗೆ ಮೊದಲು ಬರುವುದು ಅನುಮಾನ. ಇದು ಹುಟ್ಟುಗುಣವಲ್ಲ, ಚಿಕ್ಕಮಗಳೂರಿನ ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆಗಳಿಗೆ ಹೋಗಿ ಹೋಗಿ ಹತ್ತಿಸಿಕೊಂಡದ್ದು. ಎದುರಾಳಿ ಬಾಯಿ ತೆರೆದ ಕೂಡಲೇ ಅವನು ಬಳಸಿದ ಪದದ ಅರ್ಥ ಕೇಳು, ಅರ್ಧ ಗೆದ್ದ ಹಾಗೆ ಎಂದು ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಸ್ಪರ್ಧೆಯಲ್ಲಿ ಇದು ಬಹುಮಾನ ತಂದಿತು, ಮನೆಯಲ್ಲಿ ಬೈಗುಳ ತಂದಿತು. "ಬೇಗ ಬಾ" ಎಂದು ಕರೆದ ಅಮ್ಮನನ್ನು "ಬೇಗ ಅಂದ್ರೆ ಯಾವುದಕ್ಕೆ ಹೋಲಿಸಿ?" ಎಂದು ಕೇಳಿದ ದಿನ ನನ್ನ ಪಾಲಿನ ಕಡುಬು ನನಗೆ ಸಿಗಲಿಲ್ಲ.

ಪ್ರಸನ್ನನ ವಿಷಯದಲ್ಲೂ ಅದನ್ನೇ ಮಾಡಿದೆ. ಮೌಂಟನ್ ಬೈಕಿಂಗ್ ಎಂದರೇನು? ಒಂದು ಗುಡ್ಡ, ಒಂದು ಸೈಕಲ್, ಅದರ ಮೇಲೆ ಕುಳಿತು ಕೆಳಗೆ ಬರುವ ಒಬ್ಬ ಮನುಷ್ಯ. ಪ್ರಸನ್ನ ಇನ್ನೂ ಹೈಸ್ಕೂಲಿನಲ್ಲಿದ್ದ ತೊಂಬತ್ತರ ದಶಕದಲ್ಲೇ ಈ ಮೂರೂ ಜಾವಳಿಯ ಹತ್ತಿರದ ನಮ್ಮ ಗುಡ್ಡದಲ್ಲಿದ್ದವು. ಮನುಷ್ಯನ ಹೆಸರು ಸುಬ್ಬೇಗೌಡ. ನನ್ನ ಚಿಕ್ಕಪ್ಪ.

ಚಿಕ್ಕಪ್ಪನ ಮನೆ ಗುಡ್ಡದ ನೆತ್ತಿಯಲ್ಲಿ, ಡೈರಿ ಕೆಳಗೆ ರಸ್ತೆ ಬದಿಯಲ್ಲಿ. ನಡುವೆ ಇದ್ದದ್ದು ಕಾಫಿ ಗಿಡಗಳ ಸಂದಿಯ ಒಂದು ಕಾಲುದಾರಿ. ಬೆಳಿಗ್ಗೆ ಹ್ಯಾಂಡಲಿಗೆ ಹಾಲಿನ ಕ್ಯಾನು ತೂಗುಹಾಕಿ ಅವರು ಇಳಿಯುತ್ತಿದ್ದದ್ದು ಅಜ್ಜನ ಕಾಲದ ಕರೀ ಸೈಕಲ್ಲಿನಲ್ಲಿ. ಅದಕ್ಕೆ ಬ್ರೇಕ್ ಇರಲಿಲ್ಲ. ಹಾಕಿಸಿದ ಬ್ರೇಕನ್ನು ಪ್ರತಿ ಮಳೆಗಾಲದ ಕೆಸರು ತಿಂದು ಹಾಕುತ್ತಿತ್ತು, ಹಾಕಿಸುವುದನ್ನೇ ಬಿಟ್ಟರು. ಬದಲಿಗೆ ಮರಗಸಿಯಲ್ಲಿ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಸವರಿದಾಗ, ಬಿದ್ದ ಹಾಲುವಾಣದ ಕೊಂಬೆಯೊಂದನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಎಳೆದುಕೊಂಡೇ ಇಳಿಯುತ್ತಿದ್ದರು. ಕೊಂಬೆ ನೆಲ ಹಿಡಿದಷ್ಟೂ ಸೈಕಲ್ ನಿಧಾನ. ಕಾಫಿ ಹಣ್ಣು ಕುಯ್ಯುವವರು ಮೇಲಿನಿಂದ ಬರಬರ ಸದ್ದು ಕೇಳಿದರೆ "ಗೌಡ್ರ ಕೊಂಬೆ ಬಂತು" ಎಂದು ಬುಟ್ಟಿ ಸಮೇತ ಗಿಡದ ಮರೆಗೆ ಸರಿಯುತ್ತಿದ್ದರು. ವಾಪಸ್ ಬರುವಾಗ ಮಾತ್ರ ಸೈಕಲ್ಲೇ ಚಿಕ್ಕಪ್ಪನ ಮೇಲೆ ಸವಾರಿ ಮಾಡುತ್ತಿತ್ತು. ಹೆಗಲ ಮೇಲೆ ಹೊತ್ತು ಹತ್ತುತ್ತಿದ್ದರು.

ಆಮೇಲೆ ಕಾಲ ಬದಲಾಯಿತು, ಅಂದರೆ ಸೈಕಲ್ಲಿನ ಹ್ಯಾಂಡಲ್ ಬದಲಾಯಿತು. ಮೂಡಿಗೆರೆಗೆ ಮೊದಲು ಬಂದದ್ದು ನೆಟ್ಟಗಿನ ಹ್ಯಾಂಡಲ್, ದಪ್ಪ ಟೈರಿನ ಸೈಕಲ್. ಗುಡ್ಡಕ್ಕೆಂದೇ ಮಾಡಿದ್ದಂತೆ. ಅದರಲ್ಲಿ ಹುಡುಗರು ಟ್ಯೂಷನ್ನಿಗೆ ಹೋಗುತ್ತಿದ್ದರು, ಟಾರು ರಸ್ತೆಯಲ್ಲಿ. ಮುಂದೆ ಗೇರ್ ಬಂತು, ಮುಂದಿನ ಚಕ್ರಕ್ಕೆ ಸ್ಪ್ರಿಂಗ್ ಬಂತು, ತಟ್ಟೆಯಂಥ ಡಿಸ್ಕ್ ಬ್ರೇಕ್ ಬಂತು. ಎರಡು ಸಾವಿರ ಇಸವಿ ದಾಟಿದ ಮೇಲೆ ಬೆಂಗಳೂರಿನವರು ಕಾರಿನ ನೆತ್ತಿಯ ಮೇಲೆ ಸೈಕಲ್ ಕಟ್ಟಿಕೊಂಡು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನತೊಡಗಿದರು. ಅವರು ಉಳಿದುಕೊಳ್ಳುತ್ತಿದ್ದದ್ದು ಪ್ರಸನ್ನನ ಹೋಂಸ್ಟೇಯಲ್ಲಿ. ಅವನು ಅವರನ್ನೂ ಸೈಕಲ್ಲುಗಳನ್ನೂ ಜೀಪಿನಲ್ಲಿ ಗುಡ್ಡದ ತುದಿಗೆ ಬಿಟ್ಟುಬರುತ್ತಿದ್ದ. ಅವರು ಮೊಣಕಾಲಿಗೆ ಪ್ಯಾಡ್ ಕಟ್ಟಿಕೊಂಡು ಇಳಿಯುತ್ತಿದ್ದರು. "ಹತ್ತೋಕೆ ಜೀಪ್ ಬೇಕಾದ್ರೆ ಸೈಕಲ್ ಎಂತಕ್ಕೆ ಮಾರಾಯ್ತಿ?" ಎಂದು ಚಿಕ್ಕಪ್ಪ ನನ್ನನ್ನು ಕೇಳಿದ್ದರು.

ನನ್ನ ವಾದಕ್ಕೆ ಮೊದಲ ಪೆಟ್ಟು ಕೊಟ್ಟವಳು ಕಳಸದ ಗೆಳತಿ ವೀಣಾ. "ಪ್ರಸನ್ನನೂ ಅಲ್ಲ, ನಿನ್ನ ಚಿಕ್ಕಪ್ಪನೂ ಅಲ್ಲ. ಕುದುರೆಮುಖದ ಗಣಿ ಕಾಲೊನೀಲಿ ಒಬ್ಬ ಹುಡುಗನ ಹತ್ರ ಆಗ್ಲೇ ಗೇರ್ ಸೈಕಲ್ ಇತ್ತು" ಎಂದಳು. ಅವನು ಓಡಿಸಿದ್ದು ಎಲ್ಲಿ ಎಂದು ಕೇಳಿದೆ. "ಕಾಲೊನಿ ರೋಡಲ್ಲಿ." ಹಾಗಾದರೆ ಅದು ಮೌಂಟನ್ ಅಲ್ಲ ಎಂದೆ. "ಕಾಲೊನಿನೇ ಮೌಂಟನ್ ಮೇಲಿತ್ತಲ್ಲೇ!" ಎಂದಳು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಹೀಗಿರುವಾಗ ಒಂದು ಬೇಸಗೆ, ಕುಯ್ಲು ಮುಗಿದ ಮೇಲೆ, ಪ್ರಸನ್ನ ಚಿಕ್ಕಪ್ಪನ ಮನೆಗೆ ಬಂದ. ಬೆಂಗಳೂರಿನ ಗೆಳೆಯರು ಸೇರಿ ಒಂದು ರೇಸ್ ಮಾಡುತ್ತಿದ್ದಾರೆ, ಅದಕ್ಕೆ ಚಿಕ್ಕಪ್ಪನ ಕಾಲುದಾರಿ ಬೇಕು ಎಂದ. ಅಂಥ ದಾರಿ ಎಲ್ಲೂ ಇಲ್ಲವಂತೆ, ತಿರುವುಗಳು ನೀರಿನ ಹಾಗೆ ಒಂದರಿಂದ ಒಂದಕ್ಕೆ ಹರಿದುಕೊಂಡು ಹೋಗುತ್ತವಂತೆ. ಚಿಕ್ಕಪ್ಪ ಹೇಳಿದ್ದು ಇಷ್ಟೇ: "ಓಡ್ಸಿ ಓಡ್ಸಿ, ಅದಕ್ಕೆಂತ. ನಾನೂ ಓಡಿಸ್ತೀನಿ." ಪ್ರಸನ್ನ ನಕ್ಕ. ಚಿಕ್ಕಪ್ಪ ನಗಲಿಲ್ಲ. ಪ್ರಸನ್ನ ಹೋದ ಮೇಲೆ ನನಗೆ ಹೇಳಿ ಕಳಿಸಿದರು.

"ನೋಡು ಮಾರಾಯ್ತಿ, ಇಷ್ಟು ವರ್ಷ ಇಳಿದಿದೀನಿ. ನಾನು ಇಳಿಯೋದನ್ನ ಒಬ್ರೂ ನೋಡಿಲ್ಲ. ಸದ್ದು ಕೇಳಿದ ಕೂಡ್ಲೆ ಎಲ್ಲ ಗಿಡದ ಹಿಂದೆ ಅಡಗ್ತಾರೆ" ಎಂದರು. ಒಳಗಿನಿಂದ ಚಿಕ್ಕಮ್ಮ, "ಅಡಗದೆ ಇನ್ನೇನು, ಚಕ್ರದ ಕೆಳಗೆ ಮಲಗ್ಬೇಕಿತ್ತಾ?" ಎಂದರು. ಚಿಕ್ಕಪ್ಪ ದನಿ ತಗ್ಗಿಸಿ, "ಒಂದ್ಸಲ ಯಾರಾದ್ರೂ ನಿಂತು ನೋಡ್ಬೇಕು. ಅಷ್ಟೇ. ನೀನು ಅವರ ಹತ್ರ ಮಾತಾಡು" ಎಂದರು. ಐವತ್ತು ದಾಟಿದ ಮನುಷ್ಯ, ಶಾಲೆಯ ಓಟದಲ್ಲೂ ಹೆಸರು ಕೊಟ್ಟವರಲ್ಲ. ಅವರ ಪರವಾಗಿ ವಾದಿಸಲು ನನಗೆ ನಾಲಿಗೆ ತುರಿಸಿತು.

ಚರ್ಚೆ ನಡೆದದ್ದು ಪ್ರಸನ್ನನ ಮನೆಯ ಕಾಫಿ ಕಣದಲ್ಲಿ. ಆ ಕಡೆ ಬೆಂಗಳೂರಿನ ರೇಸಿನ ಮುಖ್ಯಸ್ಥರು, ಬಿಸಿಲಿಗೆ ಮೂಗು ಕೆಂಪಾದ ಗಂಭೀರ ಮನುಷ್ಯ. ಬ್ರೇಕ್ ಇಲ್ಲದ ಸೈಕಲ್ಲಿಗೆ ಪ್ರವೇಶವಿಲ್ಲ ಎಂದರು. ಬ್ರೇಕ್ ಅಂದರೆ ಏನು ಸಾರ್ ಎಂದು ಕೇಳಿದೆ. ಪಾಪ, ಸಿಕ್ಕಿಬಿದ್ದರು. ವೇಗ ಕಡಿಮೆ ಮಾಡುವ ಸಾಧನ ಎಂದರು. ಕೊಂಬೆ ಅದನ್ನೇ ಮಾಡುತ್ತದಲ್ಲ? ಹಿಂದೆ ಬರುವವರಿಗೆ ಧೂಳು ಎಂದರು. ಹಾಗಾದರೆ ಕೊನೆಗೆ ಬಿಡಿ ಎಂದೆ. ಉತ್ಸಾಹ ಏರಿ, ಆ ದಾರಿ ಹರಿದುಕೊಂಡು ಹೋಗುವುದೇ ಕೊಂಬೆ ವರ್ಷಗಟ್ಟಲೆ ಉಜ್ಜಿದ್ದರಿಂದ, ನೀವು ಹೊಗಳುತ್ತಿರುವ ತಿರುವುಗಳನ್ನು ಕೆತ್ತಿದವರು ನನ್ನ ಚಿಕ್ಕಪ್ಪ ಎಂದೂ ಹೇಳಿಬಿಟ್ಟೆ. "ಅದು ದನದ ದಾರಿ ಅಲ್ವಾ ಗೌಡ್ರೇ?" ಎಂದು ಪ್ರಸನ್ನ ಚಿಕ್ಕಪ್ಪನನ್ನೇ ಕೇಳಿದ. "ನಂಗೊತ್ತಿಲ್ಲಪ್ಪ, ನಾನು ಸೈಕಲ್ ಕಲಿಯೋ ಹೊತ್ತಿಗೇ ಇತ್ತು" ಎಂದರು ಚಿಕ್ಕಪ್ಪ. ನನ್ನ ಪಕ್ಷದ ಸಾಕ್ಷಿಯೇ ಹೀಗೆ ಕೈಕೊಟ್ಟದ್ದು ಅದೇ ಮೊದಲು. ಆದರೂ ಗೆದ್ದೆ. ಮುಖ್ಯಸ್ಥರು ಮೂಗು ಉಜ್ಜಿಕೊಳ್ಳುತ್ತಾ, ಹೆಲ್ಮೆಟ್ ಹಾಕಿಕೊಂಡರೆ ಕೊಂಬೆಗೆ ಒಪ್ಪಿಗೆ ಎಂದರು.

ರೇಸಿನ ಬೆಳಿಗ್ಗೆ ಚಿಕ್ಕಪ್ಪ ಎಂದಿನಂತೆ ಹಾಲು ಹಾಕಲು ಕೊಂಬೆ ಎಳೆದುಕೊಂಡು ಇಳಿದರು. ರೇಸು ಮುಗಿಯುವ ಜಾಗವೂ ಆದ ಡೈರಿಗೆ ನಾನು ಬರುವಷ್ಟರಲ್ಲಿ ಸೈಕಲನ್ನು ಅದರ ಗೋಡೆಗೆ ಒರಗಿಸಿದ್ದರು. ಮತ್ತೆ ಹೊತ್ತು ಹತ್ತುತ್ತಾರೆ ಎಂದುಕೊಂಡರೆ, ನೇರ ಹೋಗಿ ಪ್ರಸನ್ನನ ಜೀಪಿನ ಮುಂದಿನ ಸೀಟಿನಲ್ಲಿ ಕುಳಿತರು.

"ಚಿಕ್ಕಪ್ಪ, ಸೈಕಲ್ಲು?"

"ಮೇಲೆ ಪ್ರಸನ್ನ ಒಂದು ಕೊಡ್ತಾನಂತೆ. ಗೇರಿಂದು."

"ಮತ್ತೆ ಕೊಂಬೆ? ನಾನು ಅಷ್ಟೆಲ್ಲಾ ವಾದ ಮಾಡಿ…"

"ನೀನು ಇಲ್ಲೇ ನಿಂತಿರು. ಆ ಕೊನೇ ತಿರುವು ಕಾಣ್ತದಲ್ಲ, ಅಲ್ಲಿ ನೋಡ್ತಾ ಇರು. ಹೆಂಗೆ ಬಂದೆ ಅಂತ ಆಮೇಲೆ ನೀನೇ ಹೇಳ್ಬೇಕು" ಎಂದರು. ಜೀಪು ಹೊರಟಿತು. ಕೊಂಬೆಯ ಬಗ್ಗೆ ನಾಚಿಕೆಯೋ, ಗೇರಿನ ಮೇಲೆ ಆಸೆಯೋ, ನನ್ನ ವಾದದ ಮೇಲೆ ಬೇಸರವೋ, ಒಂದೂ ತಿಳಿಯಲಿಲ್ಲ. ಗೆದ್ದವಳು ನಾನೇ, ಆದರೆ ಯಾರ ಪರವಾಗಿ ಗೆದ್ದೆ ಎಂಬುದು ಮಸುಕಾಯಿತು.

ನಿಂತೆ. ತಿರುವನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಕ್ಯಾಮೆರಾ ಹಿಡಿದ ಒಬ್ಬರು ಗೋಡೆಗೆ ಒರಗಿದ್ದ ಕರೀ ಸೈಕಲ್ಲಿನ ಮುಂದೆ ಬಗ್ಗಿ, ಇದರ ಹಿಂದೆ ಮರ ಯಾಕೆ ಕಟ್ಟಿದ್ದಾರೆ ಎಂದು ಕೇಳಿದರು. ಒಂದೇ ವಾಕ್ಯದಲ್ಲಿ ಹೇಳಿ ಮುಗಿಸೋಣ ಎಂದುಕೊಂಡೆ. ಆದರೆ ಅವರು, "ಇದನ್ನ ಮೌಂಟನ್ ಬೈಕಿಂಗ್ ಅನ್ನೋಕಾಗುತ್ತಾ?" ಎಂದುಬಿಟ್ಟರು. ನೀವೇ ಹೇಳಿ, ಯಾರು ಸುಮ್ಮನಿರುತ್ತಾರೆ? ಮೊದಲು ಪದದ ಅರ್ಥ ಹೇಳಿದೆ. ಆಮೇಲೆ ಗುಡ್ಡ, ಸೈಕಲ್, ಮನುಷ್ಯ ಎಂದು ಬೆರಳು ಮಡಚಿದೆ. ಒಬ್ಬರು ಇಬ್ಬರಾದರು, ಇಬ್ಬರು ಗುಂಪಾದರು. ಕುದುರೆಮುಖದ ಹುಡುಗನನ್ನು ನಾನೇ ಎತ್ತಿ ನಾನೇ ಖಂಡಿಸಿದೆ. ನನ್ನ ಹಿಂದೆ ಆಗಾಗ ಚಕ್ರಗಳ ಸದ್ದು, ಚಪ್ಪಾಳೆ, ಯಾರೋ ಕೂಗಿದ್ದು ಎಲ್ಲ ಕೇಳುತ್ತಿತ್ತು. ಕೊಂಬೆ ಎಳೆದ ಸದ್ದು ಬಂದಾಗ ತಿರುಗಿದರಾಯಿತು ಎಂದು ಮನಸ್ಸಿನ ಯಾವುದೋ ಮೂಲೆ ಕಾಯುತ್ತಿತ್ತು. ಗೇರ್ ಸೈಕಲ್ಲಿಗೆ ಕೊಂಬೆ ಇರುವುದಿಲ್ಲ ಎಂದು ಆ ಮೂಲೆಗೆ ಯಾರೂ ಹೇಳಿರಲಿಲ್ಲ. "ಆದ್ದರಿಂದ ಈ ಆಟದ ಮೂಲಪುರುಷ ಜಾವಳಿಯ ಸುಬ್ಬೇಗೌಡರು" ಎಂದು ಮುಗಿಸಿದಾಗ ಗುಂಪು ಚಪ್ಪಾಳೆ ತಟ್ಟಿತು.

ಗುಂಪಿನ ಕೊನೆಯಲ್ಲಿ ಒಬ್ಬರು ಮಾತ್ರ ತಟ್ಟಲಿಲ್ಲ. ಒಂದು ಕೈಯಲ್ಲಿ ಹೆಲ್ಮೆಟ್ ಇತ್ತು. ಪ್ಯಾಂಟು ಮೊಣಕಾಲಿನಲ್ಲಿ ಹರಿದಿತ್ತು, ಕಾಲರಿನೊಳಗೆ ಒಣ ಎಲೆ ಸಿಕ್ಕಿಕೊಂಡಿತ್ತು, ಮುಖ ಮಾತ್ರ ಹೊಳೆಯುತ್ತಿತ್ತು. ಬಿದ್ದದ್ದಕ್ಕೋ ಗೆದ್ದದ್ದಕ್ಕೋ ಗೊತ್ತಾಗಲಿಲ್ಲ. ಹೆಂಗೆ ಬಂದೆ ಅಂತ ನಾನು ಹೇಳುವುದನ್ನು ಕಾಯುತ್ತಾ ನನ್ನನ್ನೇ ನೋಡುತ್ತಾ ನಿಂತಿದ್ದರು. ಯಾವ ವೇದಿಕೆಯಲ್ಲೂ ತಡವರಿಸದ ನನ್ನ ಬಾಯಿಂದ ಕೊನೆಗೆ ಹೊರಟದ್ದು ಇದೊಂದೇ:

"ಚಿಕ್ಕಪ್ಪ, ನೀವು ಬಂದು ಎಷ್ಟು ಹೊತ್ತಾಯ್ತು?"