ಸಾವಿನ ಸುದ್ದಿ ಹೇಳುವ ಪಾಠ

ಪಾಠ ಹೇಳುವ ಕಸುಬಿನಲ್ಲಿ ಒಂದು ಅನುಕೂಲವಿದೆ: ಹೇಳಿದ್ದನ್ನೆಲ್ಲ ಮಾಡಿ ತೋರಿಸಬೇಕಾಗಿ ಬರುವುದಿಲ್ಲ. ಸೂಜಿ ಚುಚ್ಚುವುದನ್ನು ನಾನು ಮೂಸಂಬಿಯ ಮೇಲೆ ತೋರಿಸುತ್ತಿದ್ದೆ. ಯಾವ ಮೂಸಂಬಿಯೂ ಚೀರಿದ್ದಿಲ್ಲ. ಆದರೆ ಸಾವಿನ ಸುದ್ದಿ ಹೇಳುವುದನ್ನು ಯಾವ ಹಣ್ಣಿನ ಮೇಲೆ ತೋರಿಸಲಿ? ಅದನ್ನು ಬಾಯಿಮಾತಿನಲ್ಲೇ ಕಲಿಸುತ್ತಿದ್ದೆ. "ಮೆತ್ತಗೆ ಹೇಳಬೇಕು. ‘ಸತ್ತರು’ ಎಂಬ ಒರಟು ಮಾತು ಆಡಬಾರದು. ಅಳಲಂತೂ ಕೂಡದು."

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಅಲ್ಲಿನ ದವಾಖಾನೆಯೊಂದರಲ್ಲಿ ನರ್ಸುಗಳಿಗೆ ತರಬೇತಿ ಕೊಡಲು ನನ್ನನ್ನು ಮೈಸೂರಿನಿಂದ ಕಳಿಸಿದ್ದರು. ಕನ್ನಡದ ಊರೇ ತಾನೇ ಎಂದು ಹುರುಪಿನಿಂದ ಬಂದೆ. ನನ್ನ ಕನ್ನಡ ಕೇಳಿ ರೋಗಿಗಳು ಪುರಾಣ ಕೇಳುವವರಂತೆ ಕೈಮುಗಿಯುತ್ತಿದ್ದರು. ಅರ್ಥವಾಯಿತೆಂದು ನಾನು ತಿಳಿದುಕೊಂಡಿದ್ದೆ. ಭಾಲ್ಕಿ ಕಡೆಯ ಮೆಹಕರದಿಂದ ಬಂದಿದ್ದ ಶಾಂತಾಬಾಯಿ ನನ್ನ ವಿದ್ಯಾರ್ಥಿನಿ. ರೋಗಿ ನರಳಿದರೆ ಅವಳ ಕಣ್ಣು ತುಂಬುತ್ತಿತ್ತು. ಅವಳನ್ನು ಗದರಿಸದೆ ನನ್ನ ದಿನ ಮುಗಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಔರಾದ ಕಡೆಯ ಮುದುಕಿಯೊಬ್ಬಳು ತೀರಿಕೊಂಡಳು. ಜ್ವರ ಇಳಿದು, ಇನ್ನೇನು ಮನೆಗೆ ಹೊರಡುವವಳಿದ್ದಳು. ಅವಳ ಕಿತ್ತುಹೋದ ಚಪ್ಪಲಿ ಹೊಲಿಸಿ ತರಲು ಗಂಡ ಬಜಾರಿಗೆ ಹೋಗಿದ್ದ. ಅವನು ಮರಳಿ ಬಂದಾಗ ಹುಡುಗಿಯರೆಲ್ಲ ನನ್ನ ಮುಖ ನೋಡಿದರು. ನಾನು ಸೆರಗು ಸರಿಮಾಡಿಕೊಂಡು ಮುಂದೆ ಹೋಗಿ, ಮೆತ್ತಗೆ, "ನಿಮ್ಮ ಮನೆಯವರು ಹೋಗಿಬಿಟ್ಟರು" ಎಂದೆ.

ಅವನ ಮುಖ ಅರಳಿತು. "ಛುಟ್ಟಿ ಕೊಟ್ರೇನ್ರಿ? ಚಪ್ಪಲಿ ನನ್ನ ಕೈಯಾಗೇ ಅದಾವಲ್ರಿ! ಬರಿಗಾಲಿಲೆ ಹ್ಯಾಂಗ ಹೋದ್ಳು?"

ದವಾಖಾನೆಯಿಂದ ಮನೆಗೆ ಕಳಿಸುವುದಕ್ಕೆ ಇಲ್ಲಿ ಛುಟ್ಟಿ ಎನ್ನುತ್ತಾರೆ. ನಾನು ಗಾಬರಿಯಾಗಿ, "ಅಲ್ಲ, ದೇವರ ಪಾದ ಸೇರಿದರು" ಎನ್ನಲು ಹೋದೆ. "ದೇವರ" ಎಂಬಷ್ಟರಲ್ಲೇ ಮಾತು ಅಳುವಾಯಿತು. ಅವನು ಒಮ್ಮೆ ನನ್ನನ್ನು, ಒಮ್ಮೆ ಒಳಗಿನ ಮಂಚವನ್ನು ನೋಡಿದ. ನಾನು ಬಾಗಿಲಿಗೆ ಆತು ಬಿಕ್ಕಿಬಿಕ್ಕಿ ಅತ್ತೆ. ಕಡೆಗೆ ಆ ಮುದುಕನೇ, "ಅಳಬ್ಯಾಡ್ರಿ ತಾಯಿ" ಎಂದ. ಚಪ್ಪಲಿಯನ್ನು ಎದೆಗವಚಿಕೊಂಡಿದ್ದ.

ಶಾಂತಾಬಾಯಿ ಅವನನ್ನು ಮಂಚದ ಬಳಿ ಕೂಡಿಸಿದಳು. "ಕಾಕಾ, ಚಹಾ ಕುಡದ್ಳ್ರಿ. ನೀವು ಚಪ್ಪಲಿ ಹೊಲಿಸಲಿಕ್ಕ ಹೋಗಿದ್ದು ಹೇಳಿ ನಕ್ಕಳು. ಆಮ್ಯಾಲ ಉಸರು ನಿಂತಿತ್ರಿ. ನಾ ಕೈ ಹಿಡಕೊಂಡೇ ಇದ್ದೆ" ಎಂದಳು. ಅವಳೂ ಅಳುತ್ತಿದ್ದಳು. ಅವನು ಬಗ್ಗಿ, ಹೆಂಡತಿಯ ತಣ್ಣನೆಯ ಕಾಲಿಗೆ ಚಪ್ಪಲಿ ತೊಡಿಸಿದ. ಯಾರೂ ತಡೆಯಲಿಲ್ಲ.

ಅಂದಿನಿಂದ ವಾರ್ಡಿನಲ್ಲಿ ಯಾರ ಉಸಿರಾದರೂ ನಿಂತರೆ ಹುಡುಗಿಯರು, "ಬಾಯೋರ, ನೀವು ಹೊರಗ ಕೂಡ್ರಿ, ನಾವು ಹೇಳ್ತೇವ್ರಿ" ಎಂದು ನನ್ನನ್ನು ಮೆಲ್ಲಗೆ ಸಾಗಹಾಕುತ್ತಿದ್ದರು. ಹೊರಗೆ ಕೂತಿದ್ದಾಗ ಒಮ್ಮೆ ದೊಡ್ಡ ಡಾಕ್ಟರು ಬಂದು, "ಸತ್ತವರ ಮನಿಮಂದಿ ಜೋಡಿ ನಿಮ್ಮ ಹುಡುಗಿಯರು ಭಾಳ ಚಂದ ಮಾತಾಡ್ತಾರ್ರಿ. ಹ್ಯಾಂಗ ಕಲಿಸಿದ್ರಿ?" ಎಂದು ಕೇಳಿದರು.

ನಿಜ ಹೇಳಬೇಕೆಂದಿದ್ದೆ. ಆದರೆ ಅದನ್ನೂ ಮೆತ್ತಗೆ ಹೇಳಲು ಹೋಗಿ, "ಏನೋ, ನನ್ನ ಕೈಲಾದಷ್ಟು" ಎಂದುಬಿಟ್ಟೆ.